ಬಾಗಿಲ ಮೇಲಿನ ಆಟ

ಮಾರ್ಚ್ 4, ಮಂಗಳವಾರ. ಸಂಜೆ

ಲ್ಯಾಬಿನಲ್ಲಿ ಇವತ್ತು ಕಟ್ಟಿದ ಹಲ್ಲಿನ ಸೆಟ್ಟುಗಳೆಲ್ಲ ಪಾಲಿಶ್ ಆಗಿ ಡಬ್ಬಿಗೆ ಹೋದವು. ಒಬ್ಬರ ಕೆಳದವಡೆ ಮಾತ್ರ ಎಷ್ಟು ತೀಡಿದರೂ ಕೂರಲಿಲ್ಲ. ನಾಳೆ ನೋಡಬೇಕು. ಉಗುರಿನ ಸಂದಿಯಲ್ಲಿ ಇನ್ನೂ ಮೇಣ. ತಲೆಯಲ್ಲೆಲ್ಲ ಪ್ಲಾಸ್ಟರ್ ಪುಡಿ. ಇವರು ಬಾಗಿಲು ತೆಗೆದವರೇ, ಏನಿದು, ಬೆಳಿಗ್ಗೆ ಹೋಗುವಾಗ ಹೆಂಡತಿ ಇದ್ದಳು, ಸಂಜೆ ಅಜ್ಜಿ ಬಂದಳು ಅಂದರು. ಮದುವೆಯಾದಾಗಿನಿಂದ ಇದೊಂದೇ ಜೋಕು. ಹೊಸದು ಹುಟ್ಟೋ ಲಕ್ಷಣ ಇಲ್ಲ.

ಬರೆಯೋ ವಿಷಯ ಬೇರೆ. ಇವತ್ತು ಬಾಯಿ ಕೊಟ್ಟು ಸಿಕ್ಕಿಹಾಕ್ಕೊಂಡೆ.

ಊಟದ ಹೊತ್ತಲ್ಲಿ ಲ್ಯಾಬಿನ ಯಜಮಾನರು ಶೋಕೇಸಿನಿಂದ ಆ ಪಂದ್ಯದ ಕಪ್ಪನ್ನ ಇಳಿಸಿದರು. ಸ್ಯಾಂಪಲ್ ಹಲ್ಲುಗಳ ಪಕ್ಕ ಇಟ್ಟುಕೊಂಡಿದ್ದಾರಲ್ಲ, ಅದೇ. ಹಿಂದಿನ ಬೀದಿಯ ಆಟದ ಹಾಲ್‌ನಲ್ಲಿ ಪ್ರತಿ ವರ್ಷ ಮನೆಮಂದಿ ಜೋಡಿ ಅಂತ ಟೇಬಲ್ ಟೆನಿಸ್ ಪಂದ್ಯ. ಒಂದೇ ಕುಟುಂಬದ ಇಬ್ಬರು, ಯಾರಾದರೂ ಸರಿ, ಎಷ್ಟು ವಯಸ್ಸಾದರೂ ಸರಿ. ಯಜಮಾನರೂ ಅವರ ಮಗನೂ ಯಾವ ಕಾಲದಿಂದಲೋ ಗೆಲ್ಲುತ್ತಲೇ ಇದ್ದಾರೆ. ನಮ್ಮ ಪಾಲಿಶ್ ಬಟ್ಟೆಯಲ್ಲೇ ಕಪ್ಪು ಉಜ್ಜುತ್ತಾ, ಈ ಸಲಾನೂ ಹಿಂಗೆ ಹೋಗಿ ಹಂಗೆ ಎತ್ಕೊಂಡು ಬರೋದೇ ಅಂದರು.

ಸುಮ್ಮನಿರಬೇಕಿತ್ತು. ಇರಲಿಲ್ಲ. ನಮ್ಮತ್ತೆ ಆಡಿದ್ರೆ ನಿಮ್ಮಿಬ್ಬರಿಗೂ ಬೆವರಿಳಿಸ್ತಾಳೆ ಅಂದುಬಿಟ್ಟೆ. ನಿಮ್ಮ ಮನೆಯವರ ತಾಯಿನಾ ಅಂತ ಕೇಳಿದರು. ಅಲ್ಲ, ನಮ್ಮಪ್ಪನ ತಂಗಿ. ವಯಸ್ಸು? ಎಪ್ಪತ್ತು. ಯಾವ ಕ್ಲಬ್ಬು? ಮನೇಲೇ. ಓಹೋ, ಮನೇಲಿ ಟೇಬಲ್ ಇತ್ತಾ?

ಇಲ್ಲಾದರೂ ನಿಲ್ಲಿಸಬಾರದಾ. "ಬಾಗಿಲ ಮೇಲೆ ಆಡ್ತಿದ್ವಿ" ಅಂದೆ.

ಇಡೀ ಲ್ಯಾಬ್ ನಕ್ಕಿತು. ಮೇಣ ಕರಗಿಸುವವಳು ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. ಯಜಮಾನರು ಮಾತ್ರ ನಗಲಿಲ್ಲ, ಬಹಳ ಗಂಭೀರವಾಗಿ, ಕರ್ಕೊಂಡು ಬನ್ನಿ, ನಾನೇ ನಿಮ್ಮ ಹೆಸರು ಕೊಡ್ತೀನಿ ಅಂದರು. ನಗುವುದಕ್ಕಿಂತ ಅದು ಹೆಚ್ಚು ಉರಿಯಿತು.

ಇವರಿಗೆ ಹೇಳಿದೆ. ಇವರದ್ದು ಇನ್ನೊಂದು. "ಸಣ್ಣವರಿದ್ದಾಗ ಎಲ್ಲರ ಅತ್ತೇನೂ ವರ್ಲ್ಡ್ ಚಾಂಪಿಯನ್ನೇ. ನಮ್ಮ ಮಾವ ಒಂದೇ ಕೈಲಿ ಲಾರಿ ಎತ್ತುತ್ತಾರೆ ಅಂತ ನಾನೂ ನಂಬಿದ್ದೆ."

ಕೋಪ ಬಂತು. ಆಮೇಲೆ ಭಯ. ಹೌದಾ? ಅಷ್ಟೇನಾ ಅದು?

ಮಾರ್ಚ್ 5, ಬುಧವಾರ

ಕೆಲಸ ಮುಗಿಸಿ ನೇರ ಅತ್ತೆಯ ಗುಂಡಿ ಅಂಗಡಿಗೆ. ಬಸ್ಸಿನಲ್ಲಿ ನಿಂತೇ ಹೋದೆ.

ಅಂಗಡಿ ಇದ್ದ ಹಾಗೇ ಇದೆ. ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರು, ಒಂದೊಂದರ ಹಣೆಗೂ ಒಳಗಿರೋ ಗುಂಡಿಯದೇ ಮಾದರಿ ಅಂಟಿಸಿದೆ. ಯಾರೋ ಒಬ್ಬರು ಕೋಟು ತಂದಿದ್ದರು, ಒಂದು ಗುಂಡಿ ಬಿದ್ದುಹೋಗಿತ್ತು. ಅತ್ತೆ ಕನ್ನಡಕ ಹಣೆಗೇರಿಸಿ, ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಡ್ರಾಯರು ಎಳೆದಳು. ಅದೇ ಗುಂಡಿ. ಆ ಮನುಷ್ಯ ಬಾಯಿ ಬಿಟ್ಟುಕೊಂಡು ನೋಡಿದ.

ಅವನು ಹೋದಮೇಲೆ ನಡೆದದ್ದೆಲ್ಲ ಒದರಿದೆ. ಬೈತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಗಲ್ಲಾದ ಮೇಲೆ ಚೆಲ್ಲಿದ್ದ ಗುಂಡಿಗಳನ್ನ ಅಂಗೈಗೆ ಸವರಿಕೊಂಡು ಕೇಳಿದಳು.

"ಮೇಜು ನಿಜವಾದದ್ದಾ?"

"ಹೂಂ. ಹಸಿರು ಬಣ್ಣದ್ದು. ಬಲೆ ಎಲ್ಲ ಇರತ್ತೆ."

"ನಿಜವಾದ ಮೇಜಿನ ಮೇಲೆ ಒಂದ್ಸಲಾನೂ ಆಡಿಲ್ಲ ಕಣೇ ಮೊಂಡಿ."

ಅಷ್ಟೇ ಅಂದಳು. ಆಮೇಲೆ ಎದ್ದು ಅಂಗಡಿ ಷಟರ್ ಎಳೆದಳು. ಹೊತ್ತಿಗೆ ಮುಂಚೆ ಅತ್ತೆ ಅಂಗಡಿ ಮುಚ್ಚಿದ್ದನ್ನ ನಾನು ನೋಡಿಲ್ಲ. ಎಲ್ಲಿಗೆ ಅಂದರೆ, ಬ್ಯಾಟು ತಗೊಳ್ಳೋಕೆ ಅಂದಳು.

ಮಾರ್ಚ್ 6, ಗುರುವಾರ. ಬೆಳಿಗ್ಗೆ

ಹೆಸರು ಕೊಟ್ಟಾಯ್ತು. ಇನ್ನು ಹಿಂದೆ ಸರಿಯೋ ಹಾಗಿಲ್ಲ.

ಕಾಫಿ ಆರುತ್ತಿದೆ, ನಾನು ಬರೆಯುತ್ತಿದ್ದೇನೆ. ಬಾಗಿಲ ವಿಷಯ ಬರೆದಿಟ್ಟುಬಿಡೋಣ. ಮುಂದೆ ಸೋತಮೇಲೆ ಬರೆದರೆ ಎಲ್ಲ ಕಹಿಯಾಗಿ ಕಾಣಿಸೀತು.

ಭಾನುವಾರ ಮಧ್ಯಾಹ್ನ. ಊಟ ಆಗಿದೆ. ಅಜ್ಜ ಕೆಮ್ಮುತ್ತಾನೆ — ಅದೇ ಸೂಚನೆ. ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ, ಉಗ್ರಾಣದ ಕೋಣೆಯ ಬಾಗಿಲನ್ನ ಕೀಲಿನಿಂದ ಎತ್ತುತ್ತಾರೆ. ಎತ್ತುವಾಗ ಪ್ರತಿ ವಾರ ಒಬ್ಬರಿಗೊಬ್ಬರು ಬೈಯುತ್ತಾರೆ. ನಡುಮನೆಯಲ್ಲಿ ನಾಲ್ಕು ಟ್ರಂಕು, ಅದರ ಮೇಲೆ ಬಾಗಿಲು. ನಡುವೆ ಎರಡು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಟವೆಲ್ ಕಟ್ಟಿದರೆ ಬಲೆ. ಬ್ಯಾಟು ಅಜ್ಜ ಪ್ಲೈವುಡ್ಡಿನಲ್ಲಿ ಕೊಯ್ದದ್ದು. ಚಿಕ್ಕಪ್ಪ ಮಾತ್ರ ತನ್ನ ಚಪ್ಪಲಿಯಲ್ಲೇ ಆಡೋನು. ಅದರಲ್ಲೇ ಕೈ ಕೂರತ್ತೆ ಅಂತ.

ಬಾಗಿಲೋ, ಹಲಗೆ ಹಲಗೆ ಜೋಡಿಸಿದ್ದು. ಸಂದಿಗೆ ಬಿದ್ದ ಚೆಂಡು ಪಕ್ಕಕ್ಕೆ ಓಡೋದು. ಗಂಟಿನ ಮೇಲೆ ಬಿದ್ದರೆ ಏಳೋದೇ ಇಲ್ಲ, ಸತ್ತಂತೆ ಮಲಗೋದು. ಎಡಮೂಲೆ ಬೇರೆ ಸ್ವಲ್ಪ ಸೊಟ್ಟ. ಯಾವ ಚೆಂಡು ಯಾವ ಕಡೆ ಹೋಗತ್ತೆ ಅಂತ ದೇವರಿಗೂ ಗೊತ್ತಿರಲಿಲ್ಲ.

ಅಪ್ಪ ಆಡುತ್ತಲೇ ರೇಡಿಯೋದವರ ಹಾಗೆ ವರ್ಣನೆ ಕೊಡೋನು. "ಪ್ರೇಕ್ಷಕರೆಲ್ಲ ಉಸಿರು ಬಿಗಿಹಿಡಿದಿದ್ದಾರೆ" ಅನ್ನುವಾಗಲೇ ಪಾಯಿಂಟ್ ಹೋಗಿರೋದು. ಪ್ರೇಕ್ಷಕರು ಅಂದರೆ ನಾನು ಒಬ್ಬಳೇ. ಮಂಚದಡಿ ಹೋದ ಚೆಂಡು ತರೋದೂ ನಾನೇ. ಅಜ್ಜ ಸೋತರೆ ಲೈಟಿನ ಮೇಲೆ ತಪ್ಪು ಹೊರಿಸೋನು. ಮಧ್ಯಾಹ್ನ ಯಾವ ಲೈಟು? ಅಜ್ಜಿ ಮೂಲೆಯ ಸ್ಟೂಲಿನ ಮೇಲೆ ಉಲ್ಲನ್ ಹೆಣೆಯುತ್ತಾ ಲೆಕ್ಕ ಹೇಳುತ್ತಿದ್ದಳು. ಜಗಳ ಮಾಡಿದವರ ಪಾಯಿಂಟು ಕಳೆದುಬಿಡೋಳು, ಅದಕ್ಕೆ ಅಪೀಲು ಇಲ್ಲ.

ಮತ್ತೆ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳೆಂದರೆ ಮುಗಿಯಿತು. ಅವಳ ಅಣ್ಣ, ತಮ್ಮ, ಅಪ್ಪ, ಒಬ್ಬರಾದಮೇಲೆ ಒಬ್ಬರು ಬಂದು ಸೋತು ಹೋಗೋರು. ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದೆ — ನಮ್ಮತ್ತೆನ ಪ್ರಪಂಚದಲ್ಲಿ ಯಾರೂ ಸೋಲಿಸೋಕಾಗಲ್ಲ. ಅಲ್ಲೂ ನಕ್ಕಿದ್ದರು.

ಈಗ ಅಜ್ಜ ಇಲ್ಲ, ಅಜ್ಜಿ ಇಲ್ಲ, ಅಪ್ಪ ಚಿಕ್ಕಪ್ಪ ಇಲ್ಲ. ಆ ನಡುಮನೆಯಲ್ಲಿ ಇದ್ದವರಲ್ಲಿ ನಾನು, ಅತ್ತೆ, ಇಬ್ಬರೇ. ಅತ್ತೆ ನಿಜಕ್ಕೂ ಅಷ್ಟು ಚೆನ್ನಾಗಿ ಆಡುತ್ತಿದ್ದಳಾ, ಇಲ್ಲಾ ಮಂಚದಡಿಯಿಂದ ನೋಡಿದವಳಿಗೆ ಹಾಗೆ ಕಂಡಿತಾ? ಇದೊಂದು ಗೊತ್ತಾಗಬೇಕು. ಗೊತ್ತಾಗೋದೂ ಬೇಡ ಅನ್ನಿಸುತ್ತೆ.

ಮಾರ್ಚ್ 9, ಭಾನುವಾರ

ಬರೆಯೋಕೆ ಮನಸ್ಸಿಲ್ಲ. ಎರಡೇ ಸಾಲು.

ಆಟದ ಹಾಲ್‌ನ ಕಾರ್ಯದರ್ಶಿ ಬೆಳಿಗ್ಗೆ ಅಭ್ಯಾಸಕ್ಕೆ ಬಿಟ್ಟುಕೊಟ್ಟರು. ಅತ್ತೆ ಒಂದು ಚೆಂಡನ್ನೂ ಮುಟ್ಟಲಿಲ್ಲ. ಚೆಂಡು ನೆಟ್ಟಗೆ ಬರುತ್ತೆ, ಅತ್ತೆಯ ಕೈ ಎಲ್ಲೋ ಪಕ್ಕಕ್ಕೆ ಹೋಗಿರುತ್ತೆ. ಗಾಳಿಗೆ ಬೀಸಿದ್ದೇ ಬೀಸಿದ್ದು. ಕಾರ್ಯದರ್ಶಿ ಪಾಪ, ನೋಡಲಾರದೆ ಕಿಟಕಿ ಒರೆಸುತ್ತಾ ನಿಂತರು.

ಬಸ್ಸು ಹಿಡಿದು ಮನೆಗೆ ಬಂದೆ. ಇವರು ಹೇಗಾಯ್ತು ಅಂದರು. ಚೆನ್ನಾಗಾಯ್ತು ಅಂದು ಬಾತ್‌ರೂಮಿಗೆ ಹೋಗಿ ಅತ್ತೆ. ಅಲ್ಲ — ಆ ಅತ್ತೆ ಅಲ್ಲ, ಅಳೋ ಅತ್ತೆ. ಥೂ. ಅತ್ತುಬಿಟ್ಟೆ, ಅಷ್ಟೇ.

ಮಾರ್ಚ್ 16, ಭಾನುವಾರ

ಒಂದು ವಾರ ಈ ಪುಸ್ತಕ ಮುಟ್ಟಲಿಲ್ಲ. ಯಜಮಾನರು ದಿನಾ ಊಟಕ್ಕೆ ಕೂತಾಗ, ಅತ್ತೆಯವರು ಹೇಗಿದಾರೆ, ಬಾಗಿಲು ಬಿಚ್ಚಿದಾರಾ ಅಂತ ವಿಚಾರಿಸಿಕೊಂಡರು. ನಾನು ಹಲ್ಲು ಕಚ್ಚಿಕೊಂಡು ಹಲ್ಲು ತೀಡಿದೆ.

ಇವತ್ತು ಹೋಗೋದೇ ಬೇಡ ಅಂತ ಫೋನ್ ಮಾಡಿದರೆ ಅತ್ತೆ ಆಗಲೇ ಹಾಲ್‌ನ ಮೆಟ್ಟಿಲ ಮೇಲೆ ಕೂತಿದ್ದಾಳಂತೆ. ಓಡಿದೆ.

ವಾರವೆಲ್ಲ ಅಂಗಡಿಯಲ್ಲಿ ಯೋಚನೆ ಮಾಡಿದ್ದಾಳೆ. ಅವಳ ಲೆಕ್ಕ ಇದು: ಬಾಗಿಲ ಮೇಲೆ ಚೆಂಡು ಬಿದ್ದ ಕೂಡಲೇ ಕೈ ತಾನಾಗಿ ಪಕ್ಕಕ್ಕೋ ಕೆಳಕ್ಕೋ ಹೊರಡೋದು, ಯಾಕಂದರೆ ಚೆಂಡು ಯಾವತ್ತೂ ನೆಟ್ಟಗೆ ಬಂದಿದ್ದಿಲ್ಲ. ಇಲ್ಲಿ ಕೈ ಹೊರಡುತ್ತೆ, ಚೆಂಡು ಹೋಗಲ್ಲ. "ಈ ಮೇಜು ಸುಳ್ಳು ಹೇಳಲ್ಲ ಕಣೇ. ಅದನ್ನ ನಂಬಬೇಕು, ಅಷ್ಟೇ. ನನಗೆ ನಂಬೋಕೇ ಬರ್ತಿರಲಿಲ್ಲ."

ನಂಬಿದಳು. ಮೊದಲು ತಡವರಿಸಿದಳು. ಆಮೇಲೆ ಒಂದು ತಾಗಿತು, ಇನ್ನೊಂದು. ಮೂರನೆಯದು ನನ್ನ ಕಿವಿ ಪಕ್ಕ ಸುಯ್ ಅಂತ ಹೋಯಿತು. ನೋಡಿದರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಯಾವಾಗ ಸಿಕ್ಕಿಸಿದಳೋ ಗೊತ್ತೇ ಆಗಲಿಲ್ಲ. ಹತ್ತು ವರ್ಷದವಳಾಗಿಬಿಟ್ಟೆ, ಚೆಂಡು ತರೋಕೆ ಮೇಜಿನಡಿ ನುಗ್ಗಿ ಮಂಡಿ ತರಚಿಕೊಂಡೆ.

ಕಾರ್ಯದರ್ಶಿ ಕಿಟಕಿ ಒರೆಸೋದು ಬಿಟ್ಟು ಕುರ್ಚಿ ಹಾಕಿಕೊಂಡು ಕೂತರು.

ಮಾರ್ಚ್ 22, ಶನಿವಾರ. ಸಂಜೆ

ಇವತ್ತು ಮಾನ ಹೋಗೋದಿತ್ತು. ಕೂದಲೆಳೆಯಲ್ಲಿ ಉಳಿಯಿತು.

ಮೊದಲ ಪಂದ್ಯ ಒಬ್ಬ ಅಕ್ಕ ತಮ್ಮನ ಜೊತೆ. ಅಕ್ಕ ಬ್ಯಾಂಕಿನಲ್ಲಿದ್ದಾಳಂತೆ, ತಮ್ಮ ಇನ್ನೂ ಕಾಲೇಜು. ಶುರುವಾಗಿ ಎರಡು ನಿಮಿಷ ಆಗಿಲ್ಲ, ಅಂಪೈರು ಪ್ರತಿ ಪಾಯಿಂಟೂ ಅವರಿಗೇ ಕೊಡುತ್ತಿದ್ದಾರೆ. ನಾವು ಚೆನ್ನಾಗಿ ಹೊಡೆದರೂ ಅವರಿಗೇ. ನನಗೆ ನೆತ್ತಿಗೇರಿತು. ಏನ್ ಸಾರ್ ಇದು ಅಂತ ಜಗಳಕ್ಕೆ ಹೋದೆ. ಅವರು ಶಾಂತವಾಗಿ ಹೇಳಿದರು — ಜೋಡಿ ಆಟದಲ್ಲಿ ಒಂದು ಹೊಡೆತ ನೀವು, ಮುಂದಿನದು ನಿಮ್ಮ ಜೊತೆಯವರು. ಸರದಿ ತಪ್ಪಿದರೆ ಪಾಯಿಂಟ್ ಹೋಯ್ತು.

ಅಯ್ಯೋ ರಾಮ. ನಮ್ಮ ಮನೆಯಲ್ಲಿ ಜೋಡಿ ಆಟ ಅಂದರೆ ಯಾರ ಹತ್ತಿರ ಚೆಂಡು ಬಂತೋ ಅವರು ಹೊಡೆಯೋದು! ಚಿಕ್ಕಪ್ಪ ಅಂತೂ ಅಪ್ಪನನ್ನ ಹಿಂದಕ್ಕೆ ತಳ್ಳಿ ಹೊಡೆಯುತ್ತಿದ್ದ. ಹೊರಗೆ ಬೇರೆ ಕಾನೂನು ಇರಬಹುದು ಅಂತ ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಬ್ಯಾಟು ಕೊಂಡೆವು, ಷೂ ಕೊಂಡೆವು, ಕಾನೂನು ಮಾತ್ರ ಕೇಳಲಿಲ್ಲ.

ನೋಡುತ್ತಿದ್ದವರೆಲ್ಲ ಕಿಸಕ್ಕೆಂದರು. ಎರಡನೇ ಸಾಲಿನಲ್ಲಿ ಯಜಮಾನರು ಮುಖಕ್ಕೆ ಕರ್ಚೀಫು ಹಿಡಿದುಕೊಂಡಿದ್ದರು. ಇವರು ಮೊದಲನೇ ಸಾಲಿನಲ್ಲಿ, ಕೂತಲ್ಲೇ ಕುಗ್ಗಿಹೋಗಿದ್ದರು ಪಾಪ.

ಅತ್ತೆಗೆ ಮಾತ್ರ ಏನೂ ಆಗಿಲ್ಲ. "ಸರಿ. ಹೊಡೆದ ಕೂಡಲೇ ಬಲಕ್ಕೆ ಸರಿ, ಹಿಂದಿನಿಂದ ಸುತ್ತಿ ಬಾ. ನಾನೂ ಹಾಗೇ ಬರ್ತೀನಿ" ಅಂದಳು. ಇಬ್ಬರೂ ಬಾವಿ ಸುತ್ತುವವರ ಹಾಗೆ ಸುತ್ತಿದೆವು. ಎರಡು ಸಲ ಡಿಕ್ಕಿ ಹೊಡೆದೆವು. ನನ್ನ ತುಟಿ ಊದಿದೆ, ಅತ್ತೆಯ ಮೊಣಕೈ. ಆದರೆ ಗೆದ್ದೆವು. ಮಧ್ಯಾಹ್ನದ ಪಂದ್ಯಾನೂ ಗೆದ್ದೆವು — ಗಂಡ ಹೆಂಡತಿ ಜೋಡಿ, ಅವರು ನಮಗಿಂತ ಜಾಸ್ತಿ ಒಬ್ಬರಿಗೊಬ್ಬರು ಬೈದುಕೊಂಡೇ ಸೋತರು.

ನಾಳೆ ಫೈನಲ್. ಯಜಮಾನರು, ಅವರ ಮಗ.

ಇವರು ಊದಿದ ತುಟಿಗೆ ಐಸ್ ಕೊಟ್ಟರು. ಇಷ್ಟೇ ಸಾಕಲ್ವೇನೇ, ಫೈನಲ್‌ವರೆಗೂ ಬಂದ್ರಲ್ಲ ಅಂದರು. ಒಳ್ಳೇ ಮನಸ್ಸಿಂದಲೇ ಅಂದದ್ದು. ಸಾಲದು. ನನಗೆ ಸಾಲದು. ನಾಳೆ ಸೋತರೆ ಲ್ಯಾಬಿನಲ್ಲಿ ನಗುತ್ತಾರೆ, ನಗಲಿ. ಆದರೆ ಮುಂದೆ ನಾನು ಆ ಭಾನುವಾರಗಳನ್ನ ನೆನೆಸಿಕೊಂಡಾಗೆಲ್ಲ ಪಕ್ಕದಲ್ಲಿ ಯಾರೋ ನಿಂತು, ಪಾಪ, ಸಣ್ಣವಳು, ಅವಳಿಗೇನು ಗೊತ್ತು ಅಂದ ಹಾಗಾಗತ್ತೆ. ಅದನ್ನ ತಡಕೊಳ್ಳೋಕೆ ನನಗಾಗಲ್ಲ.

ಮಾರ್ಚ್ 23, ಭಾನುವಾರ. ಸಂಜೆ

ಗೆದ್ದೆವು.

ಗೆದ್ದೆವು ಗೆದ್ದೆವು ಗೆದ್ದೆವು. ಅಕ್ಷರ ನೋಡು, ಕಾಗೆ ಕಾಲು. ಸಮಾಧಾನವಾಗಿ ಬರೀತೀನಿ. ಒಂದೂ ಬಿಡಬಾರದು.

ಮೊದಲ ಗೇಮ್ ಹೋಯಿತು. ಹೋಯಿತು ಅಂದರೆ ಹೀನಾಯವಾಗಿ ಹೋಯಿತು. ಯಜಮಾನರ ಬ್ಯಾಟಿನ ಒಂದು ಮಗ್ಗುಲಿಗೆ ಮುಳ್ಳುಮುಳ್ಳಾಗಿರೋ ರಬ್ಬರು ಇದೆ. ಅದಕ್ಕೆ ತಗುಲಿದ ಚೆಂಡು ಹೇಗೆ ಬರುತ್ತೋ ಹೇಳೋಕಾಗಲ್ಲ. ತೇಲುತ್ತೆ, ತೂರಾಡುತ್ತೆ, ಬಿದ್ದಲ್ಲೇ ಸಾಯುತ್ತೆ. ಅಷ್ಟು ವರ್ಷದಿಂದ ಅವರು ಗೆಲ್ಲೋದು ಅದರಿಂದಲೇ ಅಂತೆ, ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಎದುರಾಳಿಗಳು ಅದನ್ನ ಅಂದಾಜು ಮಾಡೋಕೆ ಹೋಗಿಯೇ ಸೋಲುತ್ತಾರೆ. ನಾವೂ ಹಾಗೇ. ಎರಡು ವಾರ ಕಷ್ಟಪಟ್ಟು ಮೇಜನ್ನ ನಂಬೋದು ಕಲಿತಿದ್ದೆವಲ್ಲ, ನಂಬಿ ನಂಬಿ ಕೆಟ್ಟೆವು.

ಗೇಮ್ ಮುಗಿಯಿತು. ನೀರಿನ ಬಾಟಲಿ ಕೊಡೋಕೆ ತಿರುಗಿದರೆ ಅತ್ತೆ ನಗುತ್ತಿದ್ದಾಳೆ. ಭುಜ ಕುಣಿಸಿಕೊಂಡು, ಸದ್ದಿಲ್ಲದೆ. ಬುದ್ಧಿ ಗಿದ್ಧಿ ಕೆಟ್ಟಿತಾ ಅಂದುಕೊಂಡೆ.

"ಗೊತ್ತಾಗ್ಲಿಲ್ವೇನೇ ನಿನಗೆ?" ಅಂದಳು. "ಇದು ನಮ್ಮ ಬಾಗಿಲು."

ಒಂದು ಕ್ಷಣ ಅಷ್ಟೇ. ಆಮೇಲೆ ನನಗೂ ಕಂಡಿತು. ತೇಲಿ ಬಂದದ್ದು ಸಂದಿಯ ಚೆಂಡು. ಸತ್ತು ಬಿದ್ದದ್ದು ಗಂಟಿನ ಚೆಂಡು. ತೂರಾಡಿದ್ದು ಎಡಮೂಲೆಯ ಸೊಟ್ಟದ್ದು. ಹುಟ್ಟಿದಾಗಿನಿಂದ ನೋಡಿದ್ದೇ ಅಲ್ಲವಾ!

"ನಂಬಬೇಡ. ಕೊನೇವರೆಗೂ ಕಾಯಿ. ಕೈಗೆ ಬಿಡು, ಅದಕ್ಕೆ ಗೊತ್ತು" ಅಂದಳು ಅತ್ತೆ.

ಎರಡನೇ ಗೇಮಿನಿಂದ ಹಾಲ್‌ನಲ್ಲಿ ಗದ್ದಲ ಕಮ್ಮಿಯಾಯಿತು. ಯಜಮಾನರು ಮುಳ್ಳುಮಗ್ಗುಲಲ್ಲಿ ತಳ್ಳುತ್ತಾರೆ, ಚೆಂಡು ಕುಡಿದವನ ಹಾಗೆ ಬರುತ್ತೆ, ಅತ್ತೆ ಅದು ಮೇಜಿನಿಂದ ಏಳುವ ಹೊತ್ತಿಗೆ ಬ್ಯಾಟು ತಂದು ಮುಟ್ಟಿಸಿಬಿಡುತ್ತಾಳೆ. ಹೊಡೆಯೋದೂ ಅಲ್ಲ, ಸವರೋದು. ಅವಳ ಕಾಲು ಓಡೋದಿಲ್ಲ, ಮಂಡಿ ಹಿಡಿದುಕೊಂಡಿದೆ. ಕೈ ಮಾತ್ರ ಇರಬೇಕಾದ ಕಡೆ ಮೊದಲೇ ಇರುತ್ತೆ. ನಾನೂ ಕೆಟ್ಟದಾಗಿ ಆಡಲಿಲ್ಲ, ಯಾರೂ ಹೇಳದಿದ್ದರೆ ನಾನೇ ಹೇಳಿಕೊಳ್ತೀನಿ. ಯಜಮಾನರು ಮಗನ ಕಡೆ ನೋಡಿದರು, ಮಗ ಬ್ಯಾಟಿನ ಕಡೆ ನೋಡಿದ. ಅವರ ಚೆಂಡು ತಿರುಗಿ ಬರುತ್ತೆ ಅಂತ ಅವರಿಗೆ ಯಾರೂ ಇದುವರೆಗೆ ಹೇಳಿರಲಿಲ್ಲ.

ಎರಡನೆಯದು, ಮೂರನೆಯದು ನಮಗೆ, ಇನ್ನೊಂದು ಗೆದ್ದರೆ ಕಪ್ಪು. ನಾಲ್ಕನೆಯದು ಎಳೆದಾಡಿತು. ಕೊನೇ ಪಾಯಿಂಟಿಗೆ ನಾನು ಹೊಡೆದು ಸುತ್ತಿಕೊಂಡು ಹೋದೆ. ಯಜಮಾನರದ್ದು ಬಂತು, ಅತಿ ಕೆಟ್ಟ ಚೆಂಡು, ಬಿದ್ದದ್ದೇ ಏಳಲಿಲ್ಲ. ಹೋಯ್ತು ಅಂದುಕೊಂಡೆ. ಅತ್ತೆ ಸೊಂಟ ಬಗ್ಗಿಸಿ ಅದರಡಿಗೆ ಬ್ಯಾಟು ತೂರಿಸಿದಳು. ಚೆಂಡು ನಿಧಾನಕ್ಕೆ ಎದ್ದು, ಬಲೆಯ ಮೇಲೆ ಯೋಚನೆ ಮಾಡಿ, ಆ ಕಡೆ ಇಳಿಯಿತು. ಮಗ ಮೇಜಿನ ಮೇಲೆ ಬೋರಲು ಬಿದ್ದ. ಸಿಗಲಿಲ್ಲ.

ನಾನು ಕಿರುಚಿದ್ದು ನನಗೆ ನೆನಪಿಲ್ಲ. ಪಕ್ಕದ ಬೀದಿಗೂ ಕೇಳಿಸಿತಂತೆ. ಅತ್ತೆನ ತಬ್ಬಿಕೊಂಡು ಎತ್ತಿಬಿಟ್ಟಿದ್ದೆ. ಇಳಿಸೇ ಮೊಂಡಿ, ಸೀರೆ ಜಾರತ್ತೆ ಅಂತ ನನ್ನ ಬೆನ್ನಿಗೆ ಬ್ಯಾಟಿನಲ್ಲೇ ಬಾರಿಸಿದಳು. ಅವಳ ಕೆನ್ನೆ ಒದ್ದೆ ಇತ್ತು. ನನ್ನದೋ ಅವಳದೋ.

ಯಜಮಾನರು ಬಂದು ಅತ್ತೆಗೆ ಕೈ ಮುಗಿದರು. ಮನಸ್ಸಿಟ್ಟೇ ಮುಗಿದರು, ಅದನ್ನ ಇಲ್ಲ ಅನ್ನಬಾರದು. ಇವರಂತೂ ಕೂಗಿ ಕೂಗಿ ಗಂಟಲು ಕಟ್ಟಿ, ಪಿಸುಗುಟ್ಟುತ್ತಾ ಹೇಳಿದರು: "ನಿಮ್ಮತ್ತೆ ವಿಷಯದಲ್ಲಿ ನೀನು ಕಮ್ಮಿ ಹೇಳಿದ್ದೆ ಕಣೇ."

ಇದನ್ನ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಎರಡು ಗೆರೆ.

ಕಪ್ಪು ಕೊಡುವಾಗ ಕಾರ್ಯದರ್ಶಿ ಮೈಕು ಹಿಡಿದು, ನಿಮ್ಮಂಥ ಆಟಗಾರ್ತಿಯನ್ನ ಈ ಹಾಲ್ ನೋಡಿಲ್ಲ, ಎರಡು ಮಾತಾಡಿ ಅಂದರು. ಅತ್ತೆ ಮೈಕಿನ ಕಡೆ ಅನುಮಾನದಿಂದ ನೋಡಿ, "ನಮ್ಮನೇಲಿ ನಾನು ಎರಡನೆಯವಳು" ಅಂದಳು. ಜನ ಚಪ್ಪಾಳೆ ಹೊಡೆದರು, ಎಷ್ಟು ವಿನಯ ಅಂತ.

ಅತ್ತೆಗೆ ವಿನಯ? ಜನಕ್ಕೆ ಅವಳ ಪರಿಚಯ ಇಲ್ಲ. ಬಸ್ಸಿನಲ್ಲಿ ಕೇಳಿದೆ, ಮೊದಲನೆಯವರು ಯಾರು ಅಂತ. ಕಪ್ಪನ್ನ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾಳೆ ಬಾ, ಇವತ್ತು ಸುಸ್ತು ಅಂದಳು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ, ಅತ್ತೆಯ ಅಂಗಡಿಯಲ್ಲಿ

ಲ್ಯಾಬಿಗೆ ಅರ್ಧ ದಿನ ರಜಾ. ಕೇಳಿದರೆ ಯಜಮಾನರು ಇಡೀ ದಿನ ತಗೊಳ್ಳಿ ಅಂದರು. ನಾನು ಇಲ್ಲದಿದ್ದರೆ ಅವರಿಗೂ ಇವತ್ತು ನೆಮ್ಮದಿ.

ಕಪ್ಪು ಗಲ್ಲಾದ ಮೇಲೆ ಕೂತಿದೆ. ಬಂದ ಗಿರಾಕಿ ಎಲ್ಲರಿಗೂ ನಿನ್ನೆಯ ಕಥೆ ಹೇಳೋದು ನನ್ನ ಕೆಲಸ. ಮೂರನೇ ಸಲ ಹೇಳುವಾಗ ಸ್ವಲ್ಪ ಮಸಾಲೆ ಸೇರಿತು. ಅತ್ತೆ ಕೇಳಿಸಿಕೊಂಡೂ ತಿದ್ದಲಿಲ್ಲ.

ಜನ ಕಮ್ಮಿಯಾದಮೇಲೆ ಹಿಡಿದುಕೊಂಡೆ. ಮೊದಲನೆಯವರು ಅಪ್ಪನಾ? ನಿಮ್ಮಪ್ಪ ಬಾಯಲ್ಲಿ ಆಡ್ತಿದ್ದ ಅಂದಳು. ಚಿಕ್ಕಪ್ಪ? ಚಪ್ಪಲಿಲಾ! ಹಾಗಾದ್ರೆ ಅಜ್ಜ?

"ನಿಮ್ಮಜ್ಜಿ ಕಣೇ."

ನನಗೆ ನಗು ಬಂತು. ಅಜ್ಜಿ ಬ್ಯಾಟು ಹಿಡಿದದ್ದನ್ನೇ ನಾನು ನೋಡಿಲ್ಲ. ನನ್ನ ನೆನಪಿನ ಅಷ್ಟೂ ಭಾನುವಾರಗಳಲ್ಲಿ ಅವಳು ಆ ಸ್ಟೂಲು ಬಿಟ್ಟು ಎದ್ದಿಲ್ಲ.

ಏಳೋಕೆ ಬಿಟ್ಟಿದ್ರೆ ತಾನೇ ಅಂದಳು ಅತ್ತೆ. ಬಾಗಿಲು ಕಳಚಿ ಆಡೋಣ ಅಂದದ್ದೇ ಅಜ್ಜಿಯಂತೆ, ನಾನು ಹುಟ್ಟೋಕೆ ಎಷ್ಟೋ ಮುಂಚೆ. ಅವಳು ಆಡೋಕೆ ನಿಂತರೆ ಮನೆಯಲ್ಲಿ ಯಾರಿಗೂ ಏನೂ ಗಿಟ್ಟುತ್ತಿರಲಿಲ್ಲವಂತೆ. ಚಿಕ್ಕಪ್ಪ ಅತ್ತು ಊಟ ಬಿಟ್ಟನಂತೆ. ಕೊನೆಗೆ ಅಜ್ಜನೂ ಮೂರು ಮಕ್ಕಳೂ ಸಾಲಾಗಿ ನಿಂತು ಕೈ ಮುಗಿದರಂತೆ — ತಾಯೀ, ನೀನು ಲೆಕ್ಕಕ್ಕೆ ಕೂತುಬಿಡು, ನಾವು ಬಡವರು ಆಡಿಕೊಳ್ತೀವಿ. ಅಜ್ಜಿ ನಕ್ಕು ಉಲ್ಲನ್ ತಗೊಂಡು ಕೂತಳಂತೆ.

"ಗಂಡಸರೆಲ್ಲ ಕೆಲಸಕ್ಕೆ ಹೋದ್ಮೇಲೆ ನನ್ನ ಜೊತೆ ಆಡ್ತಿದ್ಲು. ಕೊನೇವರೆಗೂ ಕಾಯಿ, ಕೈಗೆ ಬಿಡು — ಅದೆಲ್ಲ ಅವಳ ಮಾತು. ಒಂದೇ ಒಂದು ಆಟ ನಾನು ಅವಳ ಮೇಲೆ ಗೆದ್ದಿಲ್ಲ ಮೊಂಡಿ. ಒಂದೇ ಒಂದು."

ಕಣ್ಣಲ್ಲಿ ನೀರು ದಳದಳ. ನಗುತ್ತಲೂ ಇದ್ದೇನೆ. ಇಷ್ಟು ದಿನ ನನ್ನ ಬಾಲ್ಯವನ್ನ ನಾನೇ ಉಬ್ಬಿಸಿ ಹೇಳ್ತಿದ್ದೀನೇನೋ ಅಂತ ಹೆದರಿ ಸತ್ತೆನಲ್ಲ! ನನಗೆ ಗೊತ್ತಿದ್ದದ್ದು ಅರ್ಧವೂ ಅಲ್ಲ. ಮೂಲೆಯಲ್ಲಿ ಉಲ್ಲನ್ ಹೆಣೆಯುತ್ತಿದ್ದವಳು ಎಲ್ಲರಿಗಿಂತ ದೊಡ್ಡವಳು, ನಾನು ಅವಳ ಕಾಲಬುಡದಲ್ಲೇ ಕೂತು ಬೇರೆಯವರಿಗೆ ಚಪ್ಪಾಳೆ ಹೊಡೆದಿದ್ದೇನೆ. ಹೇಳು, ಇನ್ನೂ ಹೇಳು, ಎಲ್ಲ ಹೇಳು ಅಂದೆ.

ಅತ್ತೆ ಎದ್ದು ಷಟರ್ ಅರ್ಧ ಎಳೆದು ಬಂದು ಕೂತಳು. ಬರೆಯೋದು ನಿಲ್ಲಿಸು, ಕೇಳು ಅಂತಿದ್ದಾಳೆ. ನಾನು ಬಿಡ್ತೀನಾ, ಅವಳು ಹೇಳಿದ್ದು ಹೇಳಿದ ಹಾಗೇ ಬರೀತೀನಿ. ಒಂದ್ಸಲ ಮನೆಗೆ ಯಾರೋ ನೆಂಟರು ಬಂದಿದ್ರಂತೆ, ಕಾಲೇಜಿನಲ್ಲಿ ಚಾಂಪಿಯನ್ ಆಗಿದ್ದೋರು, ಊಟದುದ್ದಕ್ಕೂ ಅದೇ ಜಂಬ. ಅಜ್ಜಿ ಒಲೆ ಮೇಲೆ ಹಾಲಿಟ್ಟು ಬಂದು, ಕೈ ಒರೆಸಿಕೊಂಡು ಬ್ಯಾಟು ತಗೊಂಡಳಂತೆ. ಬನ್ನಿ, ಹಾಲು ಉಕ್ಕೋದ್ರೊಳಗೆ ಮುಗಿಸ್ಬಿಡೋಣ ಅಂದಳಂತೆ. ಹಾಲು ಉಕ್ಕಲೇ ಇಲ್ಲವಂತೆ.